ಆರಿಸದ ನಾಣ್ಯ ಎಲ್ಲಿದೆ?

ರಾಯಚೂರಿನ ಪಶ್ಚಿಮಕ್ಕಿರುವ ಕಲ್ಮಲದಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದಾಗ ಪರಿಚಯದ ಯುವಕನೊಬ್ಬ ಮೊಬೈಲ್ ಫೋನನ್ನು ಮುಂದೆ ಹಿಡಿದು, ‘ಸರ, ಇದು ಖರೇ ಏನ್ರೀ? ತಗೋಬೇಕಂತ ಮಾಡೀನಿ’ ಎಂದ. ಪರದೆಯ ಮೇಲೆ ಹಸಿರು ಕಿಲುಬು ಹಿಡಿದ ತಾಮ್ರದ ನಾಣ್ಯಗಳ ರಾಶಿ. ನಡುವೆ ಚಾರ್‌ಮಿನಾರ್ ಚಿತ್ರವಿರುವ ಒಂದು ಬೆಳ್ಳಿ ರೂಪಾಯಿ ಹೊಳೆಯುತ್ತಿತ್ತು. ‘ಹಳೇ ಮನೆತನದ ಪೆಟ್ಟಿಗೆಯಿಂದ ಬಂದದ್ದು. ಯಾರೂ ಆರಿಸಿಲ್ಲ. ಕಿಲೋ ಲೆಕ್ಕದಲ್ಲಿ ಮಾರಾಟಕ್ಕಿದೆ, ಮುಂಗಡ ಕಳುಹಿಸಿ’ ಎಂಬ ಒಕ್ಕಣೆ. ಹತ್ತಿ ಮಾರಿ ಬಂದ ದುಡ್ಡಿನಲ್ಲಿ ಒಂದಿಷ್ಟನ್ನು ಅದಕ್ಕೆ ಹಾಕಲು ಅವನು ಸಿದ್ಧನಾಗಿದ್ದ. ರಾಶಿಯಲ್ಲಿ ಒಂದೇ ಒಂದು ಅಪರೂಪದ ನಾಣ್ಯ ಸಿಕ್ಕರೂ ಸಾಲ ತೀರುತ್ತದೆ ಎಂಬುದು ಅವನ ಲೆಕ್ಕ.

ಹೊಲ ಉಳುವಾಗ ಕೊಪ್ಪರಿಗೆ ಹೊನ್ನು ಸಿಕ್ಕ ಕಥೆಗಳನ್ನು ಕೇಳುತ್ತಲೇ ಬೆಳೆದವರು ನಾವು. ಆ ಆಸೆಯೇ ಈಗ ಫೋನಿನೊಳಗೆ ಬಂದು ಕೂತಿದೆ. ಆದರೆ ‘ಯಾರೂ ಆರಿಸಿಲ್ಲ’ ಎಂಬ ಮಾತನ್ನು ಎಷ್ಟು ನಂಬಬಹುದು? ಉತ್ತರ ನಾಣ್ಯಗಳ ಇತಿಹಾಸದಲ್ಲೇ ಇದೆ.

ಚಿನಿವಾರರ ಕಣ್ಣು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶ ನೂರಾರು ವರ್ಷ ಕೈಯಿಂದ ಕೈಗೆ ಹೋದ ನಾಡು. ಬಹಮನಿ ಸುಲ್ತಾನರು ಮತ್ತು ವಿಜಯನಗರದ ಅರಸರು ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದನು. ಮುಂದೆ ಅದು ಮತ್ತೆ ಬಿಜಾಪುರದ ಪಾಲಾಯಿತು. ಬಿಜಾಪುರ 1686ರಲ್ಲಿ ಮೊಗಲರಿಗೆ ಶರಣಾಯಿತು. ಆನಂತರ ಈ ಸೀಮೆ ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಬಂತು. ದೊರೆ ಬದಲಾದಾಗ ಹೊಸ ನಾಣ್ಯ ಬರುತ್ತಿತ್ತು. ಆದರೆ ಹಳೆಯದು ಒಂದೇ ದಿನದಲ್ಲಿ ಮಾಯವಾಗುತ್ತಿರಲಿಲ್ಲ.

1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕ್ ಇಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಚಿನ್ನದಲ್ಲಿ ವರಾಹ, ಅದರ ಅರ್ಧಕ್ಕೆ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗಕ್ಕೆ ಹಣ, ಬೆಳ್ಳಿಯಲ್ಲಿ ತಾರ, ತಾಮ್ರದಲ್ಲಿ ಜಿತಲ್. ಇಷ್ಟು ಬಗೆಯ ನಾಣ್ಯಗಳಿದ್ದಲ್ಲಿ ಅವುಗಳ ತೂಕ, ಸವಕಳಿ, ಲೋಹದ ಶುದ್ಧತೆ ನೋಡಿ ಬೆಲೆ ಹೇಳುವವರು ಬೇಕೇಬೇಕು. ಅವರೇ ಚಿನಿವಾರರು, ಅಂದರೆ ಸರಾಫರು. ಪತ್ರಿಕೆಗಳಲ್ಲಿ ಚಿನ್ನ, ಬೆಳ್ಳಿಯ ಧಾರಣೆಗೆ ‘ಚಿನಿವಾರ ಪೇಟೆ’ ಎಂದು ತಲೆಬರಹ ಕೊಡುವ ರೂಢಿಯಲ್ಲಿ ಅವರ ಹೆಸರು ಉಳಿದುಕೊಂಡಿದೆ. ಸವೆದ ನಾಣ್ಯಕ್ಕೆ ವಟ್ಟ ಕಳೆಯುವುದು, ಒಳ್ಳೆಯದನ್ನು ಬೇರೆ ಎತ್ತಿಡುವುದು ಅವರ ಕಸುಬು. ಪರೀಕ್ಷಿಸಿದ ಗುರುತಿಗೆ ನಾಣ್ಯದ ಮೇಲೆ ಸಣ್ಣ ಅಚ್ಚು ಒತ್ತುತ್ತಿದ್ದುದೂ ಉಂಟು. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಇಂಥ ಚುಕ್ಕೆ ಗುರುತುಗಳು ಇಂದಿಗೂ ಕಾಣುತ್ತವೆ.

ನಿಜಾಮರ ಕಾಲಕ್ಕೆ ಬಂದರೂ ಈ ಆರಿಸುವ ಕೆಲಸ ನಿಲ್ಲಲಿಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ‘ಹಾಲಿ ಸಿಕ್ಕಾ’ ರೂಪಾಯಿ ಇತ್ತು. ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಪ್ರಾಂತ್ಯ. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ‘ಕಲ್ದಾರ್’ ರೂಪಾಯಿ. ಸಾಮಾನ್ಯವಾಗಿ ಏಳು ಹಾಲಿ ಸಿಕ್ಕಾಗಳಿಗೆ ಆರು ಕಲ್ದಾರ್ ಸಮ. ಮುಂಬೈ ಕಡೆಯ ಮತ್ತು ಮದ್ರಾಸ್ ಕಡೆಯ ರೈಲು ಮಾರ್ಗಗಳು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ಎರಡು ಸೀಮೆಯ ವ್ಯಾಪಾರ ನಡೆಯುವ ಊರಿನಲ್ಲಿ ಯಾವ ರೂಪಾಯಿ ಯಾವುದೆಂದು ನೋಡದೆ ಚೀಲಕ್ಕೆ ಹಾಕುವ ವ್ಯಾಪಾರಿ ಇರಲು ಸಾಧ್ಯವೇ?

ಬೆಳ್ಳಿಯ ಬೇಟೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆದ ಆಯ್ಕೆ ಇದಕ್ಕಿಂತ ದೊಡ್ಡದು. ಅದುವರೆಗೆ ಬ್ರಿಟಿಷ್ ಭಾರತದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿಯೇ ಸುಮಾರು 10.7 ಗ್ರಾಂ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. ಹಳೆಯ ರೂಪಾಯಿಯಲ್ಲಿ ಬೆಳ್ಳಿ ಹೆಚ್ಚೆಂದು ತಿಳಿದ ಮೇಲೆ ಜನ ಅದನ್ನು ಮನೆಯಲ್ಲಿಟ್ಟು ಹೊಸದನ್ನು ಖರ್ಚು ಮಾಡಿದರು. ಸರ್ಕಾರವೂ 1941ರಿಂದ 1943ರೊಳಗೆ ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್ ಮತ್ತು ನಂತರದ ದೊರೆಗಳ ಅಚ್ಚ ಬೆಳ್ಳಿ ನಾಣ್ಯಗಳನ್ನು ಹಂತಹಂತವಾಗಿ ಚಲಾವಣೆಯಿಂದ ಹಿಂದಕ್ಕೆ ಪಡೆಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಆಣೆ, ಪೈಗಳ ವಿದಾಯ ಆರಂಭವಾಯಿತು. ಹಾಲಿ ಸಿಕ್ಕಾವೂ 1959ರಲ್ಲಿ ರದ್ದಾಯಿತು. ಪ್ರತಿ ಬದಲಾವಣೆಯಲ್ಲೂ ಮನೆಯವರು, ಅಕ್ಕಸಾಲಿಗರು, ಸರಾಫರು ಬೆಲೆಬಾಳುವುದನ್ನು ಎತ್ತಿಟ್ಟುಕೊಂಡರು; ಕರಗಿಸಬೇಕಾದ್ದನ್ನು ಕರಗಿಸಿದರು.

ಉಳಿದವುಗಳ ಮೇಲೆ ಸಂಗ್ರಾಹಕರ ಕಣ್ಣು ಬಿತ್ತು. 1911ರ ಐದನೆಯ ಜಾರ್ಜ್ ರೂಪಾಯಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ದೊರೆಯ ಕೊರಳಪಟ್ಟಿಯಲ್ಲಿದ್ದ ಪುಟ್ಟ ಆನೆ ನೋಡುವವರಿಗೆ ಹಂದಿಯಂತೆ ಕಂಡು ಗುಲ್ಲೆದ್ದಿತು. ಟಂಕಿಸಿದ್ದು ಸುಮಾರು 94 ಲಕ್ಷ. ಹೊರಗೆ ಬಂದದ್ದು ಸುಮಾರು 7 ಲಕ್ಷ ಮಾತ್ರ. ಮಿಕ್ಕವನ್ನು ಕರಗಿಸಿ, ಆನೆಯ ಚಿತ್ರವನ್ನು ತಿದ್ದಿ 1912ರಲ್ಲಿ ಹೊಸದನ್ನು ಹೊರಡಿಸಲಾಯಿತು. ‘ಹಂದಿ ರೂಪಾಯಿ’ಯ ಈ ಕಥೆ ನಾಣ್ಯ ವ್ಯಾಪಾರಿಗಳಿಗೆಲ್ಲ ಬಾಯಿಪಾಠ. ಹಳೆಯ ನಾಣ್ಯವನ್ನು ಕಿಲೋ ಲೆಕ್ಕದಲ್ಲಿ ಮಾರುವವನಿಗೆ ಅದು ಗೊತ್ತಿಲ್ಲವೆಂದು ನಂಬುವುದು ಕಷ್ಟ.

ಬುಟ್ಟಿಯ ಮೇಲಿನ ಟೊಮೆಟೊ

ಈ ವ್ಯಾಪಾರ ಅಮೆರಿಕದಲ್ಲಿ ತೀರ ಹಳತು. ಅಲ್ಲಿನ ಬ್ಯಾಂಕುಗಳು ಒಂದು ಸೆಂಟಿನ ಐವತ್ತು ನಾಣ್ಯಗಳನ್ನು ಕಾಗದದ ಕೊಳವೆಯಲ್ಲಿ ಸುತ್ತಿ ಕೊಡುತ್ತವೆ. 1909ರಿಂದ 1958ರವರೆಗಿನ, ಹಿಂಬದಿಯಲ್ಲಿ ಗೋಧಿ ತೆನೆಯಿರುವ ಸೆಂಟುಗಳ ಇಂಥ ಸುರುಳಿಗಳನ್ನು ‘ಯಾರೂ ಬಿಚ್ಚಿ ನೋಡಿಲ್ಲ’ ಎಂದು ಮಾರುತ್ತಾರೆ. ಸುರುಳಿಯ ತುದಿಯಲ್ಲಿ ಇನ್ನೂ ಹಳೆಯ ಒಂದು ನಾಣ್ಯ ಕಾಣುತ್ತಿರುತ್ತದೆ. ತುದಿಯಲ್ಲೇ ಇಂಥದ್ದಿದ್ದರೆ ಒಳಗೆ ಇನ್ನೇನಿದೆಯೋ ಎಂದು ಕೊಳ್ಳುವವನ ಮನಸ್ಸು ಓಡುತ್ತದೆ. ಒಳಗಿರುವುದು ಬಹುಪಾಲು ಸವೆದ ಸಾಮಾನ್ಯ ನಾಣ್ಯ. ಕಾಗದವನ್ನು ಬಿಚ್ಚಿ ಮತ್ತೆ ಸುತ್ತಲು ಎಷ್ಟು ಹೊತ್ತು ಬೇಕು?

ಸಂತೆಯಲ್ಲಿ ಬುಟ್ಟಿಯ ಮೇಲೆ ಕೆಂಪು ಟೊಮೆಟೊ ಇಟ್ಟು, ಕೆಳಗೆ ಮೆತ್ತಗಾದದ್ದನ್ನು ತುಂಬುವುದನ್ನು ನಮ್ಮ ಹೆಣ್ಣುಮಕ್ಕಳು ದೂರದಿಂದಲೇ ಗುರುತಿಸುತ್ತಾರೆ. ಫೋನಿನಲ್ಲಿ ಬುಟ್ಟಿಗೆ ಕೈ ಹಾಕಿ ನೋಡುವಂತಿಲ್ಲ, ಅಷ್ಟೇ ವ್ಯತ್ಯಾಸ. ಹೊಳೆಯುವ ಚಾರ್‌ಮಿನಾರ್ ರೂಪಾಯಿ ಆ ಚಿತ್ರದ ಮೇಲಿನ ಟೊಮೆಟೊ.

ರಾಶಿಯಲ್ಲಿ ನಕಲಿಗಳೂ ಸೇರಿರುತ್ತವೆ. ರಾಮ, ಸೀತೆ, ಹನುಮಂತರ ಚಿತ್ರದೊಂದಿಗೆ ‘1818, ಈಸ್ಟ್ ಇಂಡಿಯಾ ಕಂಪನಿ’ ಎಂದು ಬರೆದ ಬಿಲ್ಲೆಗಳನ್ನು ಅನೇಕರು ನೋಡಿರಬಹುದು. ಅಂಥ ನಾಣ್ಯವನ್ನು ಕಂಪನಿ ಸರ್ಕಾರ ಎಂದೂ ಟಂಕಿಸಿರಲಿಲ್ಲ. ಇನ್ನು 2012ರಲ್ಲಿ ಹೊರಟ ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಗಳು ಸರ್ಕಾರದವೇ ನಿಜ. ಅವಕ್ಕೆ ಲಕ್ಷಗಟ್ಟಲೆ ಬೆಲೆಯಿದೆ ಎಂಬ ಮಾತು ಮಾತ್ರ ಸುಳ್ಳು.

ಮೋಸ ಹೋಗುವವರು ಕೊಳ್ಳುವವರಷ್ಟೇ ಅಲ್ಲ. 2021ರಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ಒಂದು ರೂಪಾಯಿ ನಾಣ್ಯವನ್ನು ಮಾರಾಟಕ್ಕಿಟ್ಟಾಗ ಕೋಟಿ ರೂಪಾಯಿ ಕೊಡುವುದಾಗಿ ಹೇಳಿದವನು, ತೆರಿಗೆಯ ನೆಪದಲ್ಲಿ ಅವರಿಂದಲೇ ಲಕ್ಷ ರೂಪಾಯಿ ಕಿತ್ತುಕೊಂಡ. ಅದೇ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಹಳೆಯ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ತಾನು ತೊಡಗುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಕೇಳುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ ಎಂದು ಎಚ್ಚರಿಸಿತು.

ನಿಜವೇ ಆಗಿದ್ದರೆ?

ಹಾಗಾದರೆ ಯಾರೂ ಆರಿಸದ ನಾಣ್ಯ ಎಲ್ಲಿಯೂ ಇಲ್ಲವೇ? ಇದೆ, ನೆಲದೊಳಗೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಯುದ್ಧ, ದರೋಡೆಗಳಿಗೆ ಹೆದರಿದವರು ಹಣವನ್ನು ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು. ಮರಳಿ ಬಂದು ತೆಗೆಯಲಾಗದವರ ಗಡಿಗೆಗಳು ಅಲ್ಲೇ ಉಳಿದವು. ಇಂಥ ಗಡಿಗೆಯ ಬೆಲೆ ಅದರ ಚಿನ್ನ, ಬೆಳ್ಳಿಯಲ್ಲಷ್ಟೇ ಇಲ್ಲ. ಅದರಲ್ಲಿರುವ ತೀರ ಹೊಸ ನಾಣ್ಯ ಯಾವ ಕಾಲದ್ದೆಂದು ತಿಳಿದರೆ, ಅದಕ್ಕಿಂತ ಮೊದಲು ಗಡಿಗೆಯನ್ನು ಹೂತಿಲ್ಲ ಎಂದು ಖಚಿತವಾಗಿ ಹೇಳಬಹುದು. ಯಾವ ಯಾವ ದೊರೆಗಳ ನಾಣ್ಯ ಒಟ್ಟಿಗೆ ಓಡಾಡುತ್ತಿದ್ದವೆಂಬುದೂ ತಿಳಿಯುತ್ತದೆ.

1947ರಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವೀಲರ್ ಅಗೆತ ನಡೆಸಿದಾಗ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ದೊರೆಯಿತು. ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆಯಲ್ಲಿತ್ತು ಎಂಬುದು ದಾಖಲಾದ್ದರಿಂದಲೇ ಅಲ್ಲಿನ ಶಾತವಾಹನ ಕಾಲದ ಪದರಗಳನ್ನು ಕ್ರಿಸ್ತಶಕದ ಮೊದಲ ಶತಮಾನಕ್ಕೆ ಹೊಂದಿಸಲು ಸಹಾಯವಾಯಿತು. ಅದೇ ನಾಣ್ಯ ಕಿಲೋ ಲೆಕ್ಕದ ಚೀಲದಲ್ಲಿ ಬಂದಿದ್ದರೆ ಒಂದು ಅಲಂಕಾರದ ವಸ್ತುವಾಗಿ ಉಳಿಯುತ್ತಿತ್ತು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗೊತ್ತಾದ ಶಾಸನದಿಂದ ‘ದೇವಾನಂಪ್ರಿಯ’ ಎಂದರೆ ಅಶೋಕನೇ ಎಂದು ದೃಢಪಟ್ಟಿತು. ಬಂಡೆಗಲ್ಲನ್ನು ಯಾರೂ ಚೀಲದಲ್ಲಿ ಹೊತ್ತೊಯ್ಯಲಾರರು. ನಾಣ್ಯಕ್ಕೆ ಆ ಭದ್ರತೆ ಇಲ್ಲ.

ಆದ್ದರಿಂದಲೇ ಕಾನೂನಿದೆ. ನಿಧಿಯ ಬಗ್ಗೆ ಬ್ರಿಟಿಷರ ಕಾಲದ 1878ರ ಕಾಯ್ದೆಯ ನಂತರ ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿತು. ಹೊಲದಲ್ಲಾಗಲಿ, ಮನೆಯ ಪಾಯದಲ್ಲಾಗಲಿ ಹೂತ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ, ಪ್ರಾಮಾಣಿಕವಾಗಿ ತಿಳಿಸಿದವರಿಗೆ ಪ್ರತಿಫಲಕ್ಕೆ ಅವಕಾಶವಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಹೀಗಾಗಿ ‘ಯಾರೂ ಆರಿಸಿಲ್ಲ’ ಎಂಬ ಮಾತಿಗೆ ಎರಡೇ ಅರ್ಥ ಉಳಿಯುತ್ತದೆ. ಅದು ಸುಳ್ಳಾದರೆ ಕೊಳ್ಳುವವನ ದುಡ್ಡು ಹೋಯಿತು. ನಿಜವಾಗಿ ನೆಲದಿಂದ ಬಂದದ್ದಾದರೆ, ಯಾವುದೋ ಊರಿನ ಇತಿಹಾಸದ ಒಂದು ಪುಟ ಹರಿದು ಹೋಯಿತು. ಕೊಂಡವನೂ ತೊಂದರೆಯಲ್ಲಿ ಸಿಕ್ಕಿಕೊಳ್ಳಬಹುದು. ನಾಣ್ಯ ಕೂಡಿಸುವ ಹವ್ಯಾಸ ತಪ್ಪಲ್ಲ. ಒಂದೊಂದನ್ನೇ ಕಣ್ಣಾರೆ ನೋಡಿ, ತೂಕ ಮಾಡಿಸಿ, ರಸೀದಿ ಪಡೆದು ಕೊಂಡರೆ ಹಣವೂ ಉಳಿಯುತ್ತದೆ, ತಿಳಿವಳಿಕೆಯೂ ಬೆಳೆಯುತ್ತದೆ.

ಕಲ್ಮಲದ ಯುವಕ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಮ್ಮ ಅಮ್ಮನ ಡಬ್ಬ್ಯಾಗ ಎರಡು ತೂತಿನ ಕಾಸು ಅದಾವರೀ’ ಎಂದ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರಿಂದ ನಡುವೆ ರಂಧ್ರ ಬಿಟ್ಟು ಟಂಕಿಸಿದ ಪೈಸೆಗಳವು. ಮಾರಿದರೆ ಹೆಚ್ಚೇನೂ ಬರುವುದಿಲ್ಲ. ಆದರೆ ಅವು ಯಾರ ಕೈಯಿಂದ ಆ ಡಬ್ಬಿಗೆ ಬಂದವು ಎಂದು ಹೇಳಬಲ್ಲವರು ಅವನ ಮನೆಯಲ್ಲೇ ಇದ್ದಾರೆ. ಕೇಳಿ ಬರೆದಿಟ್ಟುಕೊಳ್ಳಲು ಹೇಳಿ ಬಸ್ಸು ಹತ್ತಿದೆ.