ಬುಟ್ಟಿಯಾಗಿ ಬದುಕಿದ ಬಳ್ಳಿ



ದ್ರಾಕ್ಷಿ ತೋಟ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಲ್ಲುಕಂಬ, ತಂತಿ, ಮೇಲೆ ಹಬ್ಬಿದ ಚಪ್ಪರ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ಬಳ್ಳಿ ಮೇಲೇಳುವುದೇ ಇಲ್ಲ. ನೆಲದ ಮೇಲೆ ಬುಟ್ಟಿಯ ಹಾಗೆ ಸುತ್ತಿಕೊಂಡು ಕೂತಿರುತ್ತದೆ. ಯಾಕೆ ಹೀಗೆ? ಕೇಳಿರಿ.

ಕ್ರಿ.ಪೂ. 1600ರ ಸುಮಾರಿಗೆ ಅಲ್ಲಿ ಜ್ವಾಲಾಮುಖಿ ಸಿಡಿದು ನೆಲವೆಲ್ಲ ಬೂದಿ, ಹಗುರಗಲ್ಲುಗಳಿಂದ ಮುಚ್ಚಿಹೋಯಿತು. ಆ ಮಣ್ಣಿನಲ್ಲಿ ಜೇಡಿ ಇಲ್ಲವೆಂದೇ ಹೇಳಬೇಕು. ಮಳೆ ವರ್ಷಕ್ಕೆ 400 ಮಿಲಿಮೀಟರಿಗೂ ಕಡಿಮೆ, ಅದೂ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಬಡಗಣ ಗಾಳಿಯ ಹೊಡೆತ. ಇಂಥಲ್ಲಿ ನೆಲೆನಿಂತ ಬಿಳಿ ದ್ರಾಕ್ಷಿಯೇ ಅಸಿರ್ಟಿಕೊ.

ಅಲ್ಲಿಯ ರೈತರು ಚಾಟ್ನಿ ಮಾಡುವಾಗ ಕಡ್ಡಿಗಳನ್ನು ಸುತ್ತಿ ಹೆಣೆಯುತ್ತಾರೆ. ಇದಕ್ಕೆ ಕುಲೂರ ಎಂದು ಹೆಸರು. ಗೊನೆ ಬುಟ್ಟಿಯೊಳಗೆ ಬೆಳೆಯುತ್ತದೆ. ಗಾಳಿಯೂ ಬಿಸಿಲೂ ನೇರ ತಾಗುವುದಿಲ್ಲ. ಸಮುದ್ರದಿಂದ ಬರುವ ಮಂಜಿನ ತೇವವೇ ಬಳ್ಳಿಗೆ ಆಸರೆ. ಬಳ್ಳಿಗೆ ಮುಪ್ಪಾದರೆ ತಲೆ ಕಡಿದು ಹಳೆಯ ಬೇರಿನಿಂದಲೇ ಹೊಸ ಚಿಗುರು ಎಬ್ಬಿಸುತ್ತಾರೆ.

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನು ಹಾಳುಮಾಡಿತು. ಅಲ್ಲಿಯವರು ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ಬದುಕಿಕೊಂಡರು. ಸ್ಯಾಂಟೊರಿನಿಯ ಮರಳಿನಲ್ಲಿ ಮಾತ್ರ ಆ ಹೇನು ನಿಲ್ಲಲಿಲ್ಲ. ಬಡಮಣ್ಣೇ ಕಾವಲಾಯಿತು, ನೋಡಿ! ಅಸಿರ್ಟಿಕೊ ಇಂದಿಗೂ ಅಲ್ಲಿ ಸ್ವಂತ ಬೇರಿನ ಮೇಲೇ ನಿಂತಿದೆ.

ಬಿಸಿಲು ಸೀಮೆಯಲ್ಲಿ ಹಣ್ಣು ಮಾಗಿದಂತೆ ಹುಳಿ ಇಳಿಯುವುದು ವಾಡಿಕೆ. ಅಸಿರ್ಟಿಕೊದ ಗುಣವೇ ಬೇರೆ. ಸಕ್ಕರೆ ತುಂಬಿದರೂ ಹುಳಿ ಬಿಡುವುದಿಲ್ಲ. ಆದ್ದರಿಂದಲೇ ಅದರ ಬಿಳಿ ವೈನಿಗೆ ಹೆಸರು. ಗೊನೆಯನ್ನು ಬಿಸಿಲಿಗೆ ಒಣಗಿಸಿ ವಿನ್‌ಸಾಂಟೊ ಎಂಬ ಸಿಹಿ ವೈನನ್ನೂ ಮಾಡುತ್ತಾರೆ. 1971ರಲ್ಲಿ ಸರ್ಕಾರ ಸ್ಯಾಂಟೊರಿನಿ ವೈನಿಗೆ ಊರ ಹೆಸರಿನ ರಕ್ಷಣೆ ಕೊಟ್ಟಿತು.

ಆದರೆ ಬೇರುಹೇನಿಗೆ ಬಗ್ಗದ ಬಳ್ಳಿಗೆ ಬೇರೆ ಕಂಟಕ ಬಂತು. 1956ರ ಭೂಕಂಪದ ತರುವಾಯ ಬಹಳ ಮಂದಿ ಊರು ಬಿಟ್ಟರು. ಆಮೇಲೆ ಪ್ರವಾಸಿಗಳ ಕಾಲ. ನೆಲದ ಬೆಲೆ ಏರಿ, ತೋಟವಿದ್ದಲ್ಲಿ ವಸತಿಗೃಹಗಳು ಎದ್ದವು. ಇಳುವರಿ ಮೊದಲೇ ಕಡಿಮೆ, ಕೆಲಸವೆಲ್ಲ ಬಗ್ಗಿ ಕೈಯಲ್ಲೇ ಆಗಬೇಕು. ಹೆಣೆಯುವ ಕೈ ಇಲ್ಲದಿದ್ದರೆ ಬುಟ್ಟಿ ಎಲ್ಲಿಯದು?

ಈ ತಳಿ ತಂದು ನೆಡಿರೆಂದು ನಾನು ಹೇಳುತ್ತಿಲ್ಲ. ನಿಮ್ಮ ಹಿತ್ತಲಲ್ಲಿ ಅಜ್ಜನ ಕಾಲದ ಬಳ್ಳಿಯೋ ಗಿಡವೋ ಇದ್ದರೆ, ಕಡಿಯುವ ಮುಂಚೆ ನಾಲ್ಕು ಕಡ್ಡಿ ಊರಿ ಉಳಿಸಿಕೊಳ್ಳಿ. ಅದನ್ನು ಸಾಕುವ ಬಗೆಯನ್ನು ಹಿರಿಯರಿಂದ ಕೇಳಿ, ಮಕ್ಕಳ ಕೈಗೆ ಕಲಿಸಿಡಿ.