ಸಸ್ಯವಾಸಿ ಬ್ಯಾಕ್ಟೀರಿಯಗಳ ಜೀನೋಮ್ ಹೋಲಿಕೆ

ಗಿಡಗಳ ಮೇಲೂ ಒಳಗೂ ಬದುಕುವ ಬ್ಯಾಕ್ಟೀರಿಯಗಳಲ್ಲಿ ರೋಗಕಾರಕ ಯಾವುದು, ನಿರುಪದ್ರವಿ ಯಾವುದು ಎಂಬುದನ್ನು ತೀರ್ಮಾನಿಸುವ ಜೀನುಗಳನ್ನು, ಅವುಗಳ ಇಡೀ ಡಿಎನ್‌ಎಯನ್ನು ಅಕ್ಕಪಕ್ಕ ಇಟ್ಟು ಹುಡುಕುವ ಅಧ್ಯಯನ.

ಪ್ರಶ್ನೆ ಹಳೆಯದು. 1907ರಲ್ಲಿ ಅಮೆರಿಕದ ಅರ್ವಿನ್ ಸ್ಮಿತ್ ಮತ್ತು ಚಾರ್ಲ್ಸ್ ಟೌನ್‌ಸೆಂಡ್, ಡೈಸಿ ಗಿಡದ ಗಂಟುರೋಗಕ್ಕೆ ಇಂದು ಆಗ್ರೋಬ್ಯಾಕ್ಟೀರಿಯಮ್ ಎನ್ನಿಸಿಕೊಳ್ಳುವ ಬ್ಯಾಕ್ಟೀರಿಯವೇ ಕಾರಣವೆಂದು ತೋರಿಸಿದರು. 1974ರಲ್ಲಿ ಬೆಲ್ಜಿಯಮಿನ ಗೆಂಟ್ ನಗರದ ಸಂಶೋಧಕರು, ಗಂಟು ಬರಿಸುವ ತಳಿಗಳಲ್ಲಿ ಕ್ರೋಮೋಸೋಮಿನ ಹೊರಗೆ ದೊಡ್ಡದೊಂದು ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್, ಇರುವುದನ್ನು ಕಂಡರು. ಅದನ್ನು ಕಳೆದುಕೊಂಡ ತಳಿ ಗಿಡಕ್ಕೆ ಏನೂ ಮಾಡುತ್ತಿರಲಿಲ್ಲ.

ಸಸ್ಯರೋಗಾಣುವೊಂದರ ಮೊದಲ ಪೂರ್ಣ ಜೀನೋಮ್ ಬಂದದ್ದು 2000ದಲ್ಲಿ, ಬ್ರೆಜಿಲಿನಿಂದ. ಅಲ್ಲಿನ ಕಿತ್ತಳೆ ತೋಟಗಳನ್ನು ಕಾಡುತ್ತಿದ್ದ ಕ್ಸೈಲೆಲ್ಲ ಫ್ಯಾಸ್ಟಿಡಿಯೋಸದ ಸುಮಾರು 27 ಲಕ್ಷ ಬೇಸ್ ಜೋಡಿಗಳನ್ನು ಸಾವೊ ಪಾವ್ಲೊ ರಾಜ್ಯದ ಪ್ರಯೋಗಾಲಯಗಳು ಹಂಚಿಕೊಂಡು ಓದಿದ್ದವು. 2001ರಲ್ಲಿ ಆಗ್ರೋಬ್ಯಾಕ್ಟೀರಿಯಮ್ ಜೀನೋಮೂ, ಕುದುರೆಮೆಂತೆಯ ಬೇರುಗಂಟುಗಳಲ್ಲಿ ಸಾರಜನಕ ಒದಗಿಸುವ ಸೈನೋರೈಝೋಬಿಯಮ್ ಜೀನೋಮೂ ಪ್ರಕಟವಾದವು. ಎರಡರ ಮುಖ್ಯ ಕ್ರೋಮೋಸೋಮುಗಳಲ್ಲಿ ಜೀನುಗಳ ಸಾಲು ಬಹುಪಾಲು ಒಂದೇ ಕ್ರಮದಲ್ಲಿತ್ತು. ರೋಗ ತರುವ ಜೀನುಗಳೂ ಬೇರುಗಂಟು ಕಟ್ಟುವ ಜೀನುಗಳೂ ಹೆಚ್ಚಾಗಿ ಪ್ಲಾಸ್ಮಿಡ್ಡುಗಳಲ್ಲಿದ್ದವು. ಒಡಹುಟ್ಟಿದವರು ಬೇರೆ ಬೇರೆ ಗಂಟುಮೂಟೆ ಹೊತ್ತಂತೆ.

ಹಾಗಾದರೆ ಗಂಟುಮೂಟೆ ಬದಲಿಸಿದರೆ ಸಾಕೆ? ಫ್ರಾನ್ಸಿನ ಟುಲೂಸ್ ನಗರದ ತಂಡ 2010ರಲ್ಲಿ ಇದನ್ನು ಪರೀಕ್ಷಿಸಿ ವರದಿ ಮಾಡಿತು. ಟೊಮೆಟೊಗೆ ಸೊರಗು ರೋಗ ತರುವ ರಾಲ್‌ಸ್ಟೋನಿಯಕ್ಕೆ, ಮುಟ್ಟಿದರೆ ಮುನಿ ಗಿಡದ ಬೇರುಗಂಟಿನಲ್ಲಿರುವ ಅದರ ಬಂಧುವಿನ ಪ್ಲಾಸ್ಮಿಡ್ ಸೇರಿಸಲಾಯಿತು. ಗಂಟು ಮೂಡಲಿಲ್ಲ. ಗಿಡದ ಕೋಶಕ್ಕೆ ಪ್ರೋಟೀನು ಚುಚ್ಚುವ ಸೂಜಿಯಂಥ ಸಾಧನ ರೂಪಾಂತರದಿಂದ ಕೆಟ್ಟುಹೋದ ಕೆಲವೇ ಬ್ಯಾಕ್ಟೀರಿಯಗಳು ಗಂಟು ಕಟ್ಟಿದವು. ಸಾರಜನಕ ಕೊಡಲು ಅವಕ್ಕೂ ಆಗಲಿಲ್ಲ. ಹೊಸದನ್ನು ಪಡೆಯುವಷ್ಟೇ ಹಳೆಯದನ್ನು ಬಿಡುವುದೂ ಮುಖ್ಯವೆಂದು ಇದರಿಂದ ತಿಳಿಯಿತು. ಆದರೂ ಆ ಸಾಧನವೊಂದೇ ರೋಗದ ಗುರುತಲ್ಲ. ಬೇರುಗಂಟು ಕಟ್ಟುವ ಬ್ಯಾಕ್ಟೀರಿಯಗಳಾದ ಹಲವು ರೈಝೋಬಿಯಗಳಲ್ಲೂ ಅದು ಇದೆ.

2018ರ ಅಧ್ಯಯನವೊಂದು 3,837 ಜೀನೋಮುಗಳನ್ನು ಹೋಲಿಸಿತು. ಸಸ್ಯವಾಸಿಗಳಲ್ಲಿ ಸಕ್ಕರೆ, ಪಿಷ್ಟಗಳಂಥ ಕಾರ್ಬೋಹೈಡ್ರೇಟುಗಳನ್ನು ಬಳಸುವ ಜೀನುಗಳು ಹೆಚ್ಚೆಂದು ಅದು ಕಂಡುಕೊಂಡಿತು. 2019ರಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಗಳ ಹೋಲಿಕೆಯು, ಹತ್ತಿರದ ಬಂಧುಗಳಲ್ಲೇ ರೋಗದ ಜೀನುಗಳ ಗುಂಪು ಮತ್ತೆ ಮತ್ತೆ ಬಂದುಹೋಗಿರುವುದನ್ನು ತೋರಿಸಿತು.

ಬ್ಯಾಕ್ಟೀರಿಯಗಳ ನಡುವಿನ ಜೀನುಗಳ ಈ ಕೊಡುಕೊಳ್ಳುವಿಕೆಯ ಎಚ್ಚರ ಹೊಲದಲ್ಲೂ ಬೇಕು. ಆಸ್ಟ್ರೇಲಿಯದ ಅಲೆನ್ ಕೆರ್ ಬಳಕೆಗೆ ತಂದ ನಿರುಪದ್ರವಿ ಕೆ84 ತಳಿ ಗಂಟುರೋಗವನ್ನು ತಡೆಯುತ್ತದೆ. ಅದರ ರಕ್ಷಕ ಪ್ಲಾಸ್ಮಿಡ್ ರೋಗಾಣುವಿನ ಪಾಲಾಗದಿರಲೆಂದು, ವರ್ಗಾವಣೆಯ ಜೀನುಗಳನ್ನು ಕತ್ತರಿಸಿ ಕೆ1026 ತಳಿಯನ್ನು ರೂಪಿಸಲಾಯಿತು.