ಮೀಸಲು

ಹಳೆಗನ್ನಡದ ‘ಮೀಸಲ್’ ಹೆಚ್ಚು ಬದಲಾಗದೆ ಉಳಿದುಬಂದ ಪದ. ಯಾರೂ ಬಳಸದೆ ದೇವರಿಗೆಂದು ತೆಗೆದಿಟ್ಟದ್ದು ಮೀಸಲು: ಮೀಸಲು ಹಾಲು, ಮೀಸಲು ನೀರು. ಬೇರೆಯವರ ಕೈ ತಗುಲಿದರೆ ಮೀಸಲು ಮುರಿಯಿತು ಎನ್ನುತ್ತಿದ್ದರು. ಆಮೇಲೆ ಮೀಸಲು ಅರಣ್ಯ, ಮೀಸಲು ಪಡೆ ಬಂದವು. ಮುಟ್ಟು-ಮೈಲಿಗೆಯ ನೆರಳಿದ್ದ ಈ ಪದವೇ, ಜಾತಿಯ ಹೆಸರಿನಲ್ಲಿ ದೂರ ಇಟ್ಟವರ ಹಕ್ಕಿನ ಪದವೂ ಆಯಿತು. ಕನ್ನಡ ಕಂಡ ದೊಡ್ಡ ಅರ್ಥಪಲ್ಲಟಗಳಲ್ಲಿ ಇದೂ ಒಂದೆಂದು ನಾನು ನಂಬಿದ್ದೇನೆ.

ಚುನಾವಣೆಯ ಮೀಸಲಿಗೆ ಒಂದು ಉದಾಹರಣೆ: ಕರ್ನಾಟಕದ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ, ಪರಿಶಿಷ್ಟ ಪಂಗಡದ ಮೀಸಲು ವಿಧಾನಸಭಾ ಕ್ಷೇತ್ರ. ರಾಜ್ಯದ 224 ಸ್ಥಾನಗಳಲ್ಲಿ ಇಂಥವು 15. ಪರಿಶಿಷ್ಟ ಜಾತಿಗೆ 36. ಇಲ್ಲಿ 2008ರಿಂದ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ ಗೆಲ್ಲುತ್ತ ಬಂದಿದ್ದಾರೆ. ಮೀಸಲಾಗಿರುವುದು ಅಭ್ಯರ್ಥಿಯ ಸ್ಥಾನ ಮಾತ್ರ, ಮತವಲ್ಲ. ಲಿಂಗಾಯತರು, ಕುರುಬರು, ಮುಸ್ಲಿಮರು, ದಲಿತರು ಎಲ್ಲರೂ ಮತ ಹಾಕುತ್ತಾರೆ. 1932ರ ಪುಣೆ ಒಪ್ಪಂದ ಪ್ರತ್ಯೇಕ ಮತಕ್ಷೇತ್ರದ ಬದಲು ದಲಿತರಿಗೆ ತಂದ ಏರ್ಪಾಡಿನ ತಿರುಳೂ ಇದೇ.

ಅಮೆರಿಕದಲ್ಲಿ ಕಪ್ಪು ಜನರಿಗೆ ಇಂಥ ಮೀಸಲು ಸ್ಥಾನಗಳಿಲ್ಲ. 1965ರ ಮತದಾನ ಹಕ್ಕು ಕಾಯ್ದೆಯ ಬಲದಿಂದ ಅವರು ಬಹುಸಂಖ್ಯಾತರಾಗುವಂತೆ ಕೆಲವು ಕ್ಷೇತ್ರಗಳ ಗಡಿ ಎಳೆದರು. ಆ ಗೆರೆಗಳ ಜಗಳ ಇಂದಿಗೂ ನ್ಯಾಯಾಲಯದಲ್ಲಿದೆ. ನಮ್ಮ ದಾರಿ ಹೆಚ್ಚು ನೇರ.

ನಮ್ಮಲ್ಲಿ ಮೀಸಲಿಲ್ಲದ ‘ಸಾಮಾನ್ಯ’ ಕ್ಷೇತ್ರ ಎಂದರೆ ಮೇಲ್ಜಾತಿಗೆ ಮೀಸಲು ಎಂಬ ಅರ್ಥವೂ ಇಲ್ಲ. ಯಮಕನಮರಡಿಗೆ ಹತ್ತಿರದ ಗೋಕಾಕ, ಅರಭಾವಿ ಸಾಮಾನ್ಯ ಕ್ಷೇತ್ರಗಳು. 2023ರಲ್ಲಿ ಅಲ್ಲಿ ಗೆದ್ದವರು ಪರಿಶಿಷ್ಟ ಪಂಗಡದ ವಾಲ್ಮೀಕಿ ಸಮುದಾಯಕ್ಕೆ ಸೇರಿದ ಇದೇ ಜಾರಕಿಹೊಳಿ ಮನೆತನದ ರಮೇಶ, ಬಾಲಚಂದ್ರ, ಅದೂ ಬಿಜೆಪಿಯಿಂದ.